ಅಟ್ಟದಲ್ಲಿ ಸಿಕ್ಕಿದ ಹಿತ್ತಾಳೆ ಪಂಪ್ ಸ್ಟೌ: ಉರಿಸುವ ಮೊದಲು ಇದನ್ನು ಓದಿ

ಮಳೆಗಾಲಕ್ಕೆ ಮೊದಲು ಅಟ್ಟ ಗುಡಿಸುವ ಹೊತ್ತಿಗೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. "ಅಜ್ಜನ ಕಾಲದ ಹಿತ್ತಾಳೆ ಸ್ಟೌ ಸಿಕ್ಕಿದೆ. ಗುಜರಿಯವನು ತೂಕಕ್ಕೆ ಕೇಳುತ್ತಿದ್ದಾನೆ. ಕೊಡುವುದಾ, ಇಟ್ಟುಕೊಳ್ಳುವುದಾ? ಇಟ್ಟುಕೊಂಡರೆ ಈಗಲೂ ಉರಿಯುತ್ತದಾ?" ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ, ಯಾವ ಕಡೆಯವರು ಕೇಳಿದರೂ ಪ್ರಶ್ನೆ ಇದೇ.

ತೂಕಕ್ಕೆ ಕೊಡಬೇಡಿ. ಉರಿಸುವ ವಿಚಾರ ಪರೀಕ್ಷೆ ಆದ ಮೇಲೆ. ಎಲ್ಲ ಹಳೆ ಸ್ಟೌಗಳೂ ಉರಿಸಲಿಕ್ಕೆ ಲಾಯಕ್ಕಾಗಿ ಉಳಿದಿರುವುದಿಲ್ಲ. ಉರಿಯದ ಸ್ಟೌವನ್ನೂ ಬಿಚ್ಚಿ ನೋಡಿ, ಅದು ಕೆಲಸ ಮಾಡುವ ರೀತಿ ತಿಳಿದುಕೊಂಡು, ಚಂದ ಮಾಡಿ ಇಡಬಹುದು. ಅದರಲ್ಲೂ ಅರ್ಧ ಖುಷಿ ಇದೆ.

ಮೊದಲು ಸ್ವಲ್ಪ ಹಿನ್ನೆಲೆ

ಸೀಮೆಎಣ್ಣೆಯನ್ನು (ನಮ್ಮ ಕಡೆ ಚಿಮಿಣಿ ಎಣ್ಣೆ) ಬತ್ತಿಯಲ್ಲಿ ಉರಿಸಿದರೆ ಮಸಿ ಬರುತ್ತದೆ. ಅದೇ ಎಣ್ಣೆಯನ್ನು ಕಾಯಿಸಿ ಆವಿ ಮಾಡಿ, ಗಾಳಿ ಬೆರೆಸಿ ಉರಿಸಿದರೆ ನೀಲಿ ಉರಿ ಬರುತ್ತದೆ, ಮಸಿ ಇರುವುದಿಲ್ಲ. ಸ್ವೀಡನ್ನಿನ ಫ್ರಾನ್ಸ್ ವಿಲ್‌ಹೆಲ್ಮ್ ಲಿಂಡ್‌ಕ್ವಿಸ್ಟ್ 1892ರಲ್ಲಿ ಇದನ್ನು ಅಡುಗೆ ಸ್ಟೌವಿನಲ್ಲಿ ಸಾಧಿಸಿದರು. ಪ್ರೈಮಸ್ ಎಂಬ ಹೆಸರಿನ ಪಂಪ್ ಸ್ಟೌ ಹುಟ್ಟಿದ್ದು ಹಾಗೆ. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್‌ಸೆನ್ ತಂಡದ ಸಾಮಾನಿನಲ್ಲೂ ಪ್ರೈಮಸ್ ಇತ್ತು. ಆಪ್ಟಿಮಸ್, ರೇಡಿಯಸ್, ಸ್ವೆಯಾ ಕೂಡ ಸ್ವೀಡನ್ನಿನ ಹೆಸರುಗಳೇ. ಆಮೇಲೆ ನಮ್ಮ ದೇಶದಲ್ಲೇ ಇದೇ ಮಾದರಿಯ ಸ್ಟೌಗಳು ಬೇಕಾದಷ್ಟು ತಯಾರಾದವು.

ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ದೊಡ್ಡ ಪೇಟೆ ಎಂದರೆ ಮಂಗಳೂರು. ಮುಂಬಯಿಯ ಹೋಟೆಲುಗಳಲ್ಲಿ ದುಡಿದವರು, ಆಮೇಲೆ ಗಲ್ಫಿಗೆ ಹೋದವರು ಊರಿಗೆ ಬರುವಾಗ ಏನೇನೋ ಸಾಮಾನು ತಂದಿದ್ದಾರೆ. ಹಾಗಾಗಿ ಒಂದೇ ಊರಿನ ಎರಡು ಮನೆಯಲ್ಲಿ ಎರಡು ಥರದ ಸ್ಟೌ ಸಿಕ್ಕಿದರೆ ಆಶ್ಚರ್ಯವಿಲ್ಲ.

ಬೇಕಾಗುವ ಸಾಮಾನು

ಸರಿಯಾದ ಅಳತೆಯ ಸ್ಪ್ಯಾನರ್, ಒಂದು ಟಾರ್ಚ್, ಹತ್ತಿ ಬಟ್ಟೆ, ಹುಣಸೆಹುಳಿ ಅಥವಾ ಬಿಂಬುಳಿ, ಅಡುಗೆ ಸೋಡ, ಸ್ಟೌ ಪಿನ್ (ಬರ್ನರಿನ ಸಣ್ಣ ತೂತು ಬಿಡಿಸುವ ತೆಳು ತಂತಿಯ ಕಡ್ಡಿ), ಹೊಸ ವಾಶರುಗಳು, ನೀರು ತುಂಬಿದ ಬಾಲ್ದಿ, ಜಾಲರಿ ಇರುವ ಆಲಿಕೆ. ಉರಿಸುವ ದಿನ ಒಂದು ಒದ್ದೆ ಗೋಣಿ ಮತ್ತು ಮರಳು ಪಕ್ಕದಲ್ಲಿರಲಿ. ಇಕ್ಕುಳದಲ್ಲಿ ಹಿತ್ತಾಳೆ ನಟ್ ತಿರುಗಿಸಬೇಡಿ, ಮೂಲೆಗಳು ಸವೆದು ಉರುಟಾಗುತ್ತವೆ.

ಹಂತ 1: ಗುರುತು ಹಿಡಿಯಿರಿ

ಸ್ಟೌವಿನ ಮೈಯ ಮೇಲೆ ಮತ್ತು ತಳದಲ್ಲಿ ಒತ್ತಿದ ಅಕ್ಷರಗಳನ್ನು ಹುಡುಕಿ. ಉಜ್ಜಲಿಕ್ಕೆ ಹೋಗಬೇಡಿ. ಟಾರ್ಚನ್ನು ಅಡ್ಡಕ್ಕೆ ಹಿಡಿದರೆ ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಫೋಟೋ ತೆಗೆದಿಡಿ. ಪ್ರೈಮಸ್ ಸ್ಟೌಗಳ ತಳದಲ್ಲಿ ತಯಾರಾದ ವರ್ಷ ಸೂಚಿಸುವ ಅಕ್ಷರ ಇರುತ್ತದೆ. ಪ್ರೈಮಸ್ ನಂಬರ್ 1 ಎಂಬ ಮಾದರಿಗೆ ಸುಮಾರು ಒಂದು ಲೀಟರ್ ಎಣ್ಣೆ ಹಿಡಿಯುತ್ತದೆ.

ಈಗ ಭಾಗಗಳು. ಕೆಳಗಿನ ಉರುಟು ಪಾತ್ರೆ ಟ್ಯಾಂಕ್. ಅದರ ಹೆಗಲ ಮೇಲೆ ಎಣ್ಣೆ ಹಾಕುವ ಮುಚ್ಚಳ. ಹೆಚ್ಚಿನವುಗಳಲ್ಲಿ ಆ ಮುಚ್ಚಳದ ಮೇಲೆಯೇ ಒಂದು ಸಣ್ಣ ತಿರುಪು ಇರುತ್ತದೆ, ಗಾಳಿ ಬಿಡುವುದು ಅದರಿಂದ. ಪಕ್ಕದಲ್ಲಿ ಪಂಪು. ನಡುವೆ ಎಣ್ಣೆ ಮೇಲೇರುವ ಕೊಳವೆ, ಅದರ ತಲೆಯಲ್ಲಿ ಬರ್ನರ್, ಬರ್ನರಿನ ಬುಡದಲ್ಲಿ ಸ್ಪಿರಿಟ್ ಹಾಕುವ ಬಟ್ಟಲು. ಬರ್ನರಿನ ನಡುವೆ ಸೂಜಿಮೊನೆಯಷ್ಟು ತೂತಿನ ಸಣ್ಣ ಹಿತ್ತಾಳೆ ತುಂಡು ಇರುತ್ತದೆ, ಅದು ನಿಪ್ಪಲ್. ಇಡೀ ಸ್ಟೌವಿನ ಜೀವ ಇರುವುದು ಆ ತೂತಿನಲ್ಲಿ.

ಬರ್ನರಿನಲ್ಲಿ ಎರಡು ಜಾತಿ. ನಿಪ್ಪಲಿನ ಮೇಲೆ ಒಂದು ಬಿಲ್ಲೆ ಮಾತ್ರ ಇದ್ದರೆ ಅದು ಭರ್ರೆಂದು ಸದ್ದು ಮಾಡುವ ಬರ್ನರ್. ತೂತುತೂತಿನ ಟೊಪ್ಪಿ ಇದ್ದರೆ ಸದ್ದಿಲ್ಲದ ಬರ್ನರ್. ಟೊಪ್ಪಿ ಕಳೆದುಹೋಗಿದ್ದರೆ ಅದೇ ಅಳತೆಯದ್ದು ಸಿಗುವುದು ಕಷ್ಟ. ನನಗಂತೂ ಸದ್ದಿನ ಬರ್ನರೇ ಇಷ್ಟ. ಸದ್ದು ಕುಗ್ಗಿತು ಎಂದರೆ ಗಾಳಿ ಕಮ್ಮಿಯಾಗಿದೆ ಎಂದು ಅಡುಗೆಮನೆಯ ಹೊರಗಿದ್ದವರಿಗೂ ಗೊತ್ತಾಗುತ್ತದೆ.

ಕೊಳ್ಳುವವರಿಗೆ ಒಂದು ಮಾತು: ಹೊಸದಾಗಿ ಮಾಡಿ "ಪುರಾತನ" ಎಂದು ಮಾರುವ ಹಿತ್ತಾಳೆ ಸ್ಟೌಗಳು ಬೇಕಾದಷ್ಟಿವೆ. ತಗಡು ತೆಳ್ಳಗೆ, ಅಕ್ಷರ ಓರೆಕೋರೆ, ಬರ್ನರಿನಲ್ಲಿ ಒಮ್ಮೆಯೂ ಉರಿದ ಕಲೆ ಇಲ್ಲ ಅಂತಾದರೆ ಅನುಮಾನ ಪಡಿ. ನಿಜಕ್ಕೂ ದುಡಿದ ಸ್ಟೌವಿನಲ್ಲಿ ಬೆರಳು ತಾಗುವ ಜಾಗಗಳು, ಅಂದರೆ ಪಂಪಿನ ಹಿಡಿ ಮತ್ತು ಗಾಳಿ ತಿರುಪಿನ ಅಂಚು, ಸವೆದು ನುಣುಪಾಗಿರುತ್ತವೆ.

ಹಂತ 2: ಉರಿಸಬಹುದಾ, ಬೇಡವಾ?

ಇದನ್ನು ಬೆಳಗುವ ಮೊದಲೇ ತೀರ್ಮಾನ ಮಾಡಿ. ಹೊಳಪು ಬಂದ ಮೇಲೆ ಮನಸ್ಸು ಒಪ್ಪುವುದಿಲ್ಲ.

ಟ್ಯಾಂಕಿನ ಹೆಗಲು, ಕೊಳವೆ ಸೇರುವ ಜಾಗ, ಕಾಲುಗಳ ಬುಡ, ತಳದ ಅಂಚು, ಇವನ್ನೆಲ್ಲ ಬಿಸಿಲಲ್ಲಿ ನೋಡಿ. ಕೂದಲೆಳೆಯಂಥ ಬಿರುಕು ಒಂದು ಕಂಡರೂ ಸಾಕು, ಆ ಸ್ಟೌ ಕಪಾಟಿಗೆ. ಬಣ್ಣ ಬೇರೆಯಾದ ಬೆಸುಗೆ ಕಂಡರೆ ಅದು ರಿಪೇರಿ ಆದ ಜಾಗ, ಅಂಥದ್ದನ್ನೂ ಉರಿಸಬೇಡಿ. ತಳ ಉಬ್ಬಿದ್ದರೆ ಹಿಂದೆ ಯಾರೋ ಮಿತಿಮೀರಿ ಪಂಪು ಹೊಡೆದಿದ್ದಾರೆ ಎಂದು ಅರ್ಥ. ಟ್ಯಾಂಕಿಗೆ ಅಯಸ್ಕಾಂತ ಅಂಟಿದರೆ ಅದು ಕಬ್ಬಿಣದ ತಗಡು. ಎಣ್ಣೆ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ತುಕ್ಕಿನ ಹೊಂಡ ಕಂಡರೆ ಅಲ್ಲಿಗೇ ನಿಲ್ಲಿಸಿ. ಹಳೆ ಗ್ಯಾಸ್ಕೆಟ್ಟುಗಳಲ್ಲಿ, ಬಟ್ಟಲಿನಲ್ಲಿ ಬಿಳಿ ನಾರಿನಂಥದ್ದು ಇದ್ದರೆ ಕೆರೆಯಬೇಡಿ. ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಆಗಿರಬಹುದು. ಅದರ ಹುಡಿ ಉಸಿರಿನೊಳಗೆ ಹೋಗಬಾರದು.

1970–80ರ ದಶಕದ ಪತ್ರಿಕೆಗಳಲ್ಲಿ "ಸ್ಟೌ ಸಿಡಿದು ಗೃಹಿಣಿ ಸಾವು" ಎಂಬ ಸುದ್ದಿ ಆಗಾಗ ಬರುತ್ತಿತ್ತು. ಅದರಲ್ಲಿ ನಿಜವಾದ ಅವಘಡಗಳೂ ಇದ್ದವು, ಸ್ಟೌವಿನ ಮೇಲೆ ಹೊರಿಸಿದ ವರದಕ್ಷಿಣೆ ಕೊಲೆಗಳೂ ಇದ್ದವು. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲೆ 1983ರಲ್ಲಿ ದಂಡ ಸಂಹಿತೆಗೆ 498ಎ (ಗಂಡ ಮತ್ತು ಅವನ ಮನೆಯವರ ಕ್ರೌರ್ಯದ ಬಗ್ಗೆ), 1986ರಲ್ಲಿ 304ಬಿ (ವರದಕ್ಷಿಣೆ ಸಾವಿನ ಬಗ್ಗೆ) ಕಲಮುಗಳು ಸೇರಿದವು. ಹಳೆ ಸ್ಟೌವನ್ನು ಹೊಗಳುವಾಗ ಈ ಕತೆಯನ್ನು ಬದಿಗಿಡುವುದು ನನಗೆ ಸರಿ ಕಾಣುವುದಿಲ್ಲ.

ಹಂತ 3: ಬೆಳಗುವುದು

ಕಡಿಮೆ ಬೆಳಗಿದಷ್ಟೂ ಒಳ್ಳೆಯದು. ಮೊದಲು ಸೋಪುನೀರು, ಹಳೆ ಹಲ್ಲುಜ್ಜುವ ಬ್ರಶ್. ಜಿಡ್ಡು ಹೋದ ಮೇಲೆ ಹುಣಸೆಹುಳಿ ಅಥವಾ ಜಜ್ಜಿದ ಬಿಂಬುಳಿ ಹಚ್ಚಿ ಬಟ್ಟೆಯಲ್ಲಿ ತಿಕ್ಕಿ. ಹತ್ತು ನಿಮಿಷದೊಳಗೆ ತೊಳೆದುಬಿಡಿ. ಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕುವವರಿದ್ದಾರೆ. ಬೆಳಿಗ್ಗೆ ನೋಡಿದರೆ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು ಸೇರಿದ ಲೋಹ. ಹುಳಿ ಹೆಚ್ಚಾದರೆ ಮೇಲ್ಮೈಯ ಸತು ಕರಗಿ ತಾಮ್ರ ಮಾತ್ರ ಉಳಿಯುತ್ತದೆ. ತೊಳೆದ ಮೇಲೆ ಸೋಡ ಕಲಸಿದ ನೀರಿನಲ್ಲಿ ಒಮ್ಮೆ ಅದ್ದಿ, ಪುನಃ ಒಳ್ಳೆ ನೀರಲ್ಲಿ ತೊಳೆದು, ಒರೆಸಿ ಬಿಸಿಲಿಗಿಡಿ.

ಕಬ್ಬಿಣದ ನಾರು, ಮರಳುಕಾಗದ, ಪಾಲಿಶ್ ಚಕ್ರ ಮೂರೂ ಬೇಡ. ಪಾಲಿಶ್ ಅಂಗಡಿಗೆ ಕೊಟ್ಟರೆ ಕನ್ನಡಿ ಥರ ಹೊಳೆದು ಬರುತ್ತದೆ, ಆದರೆ ಹೆಸರು ಅಳಿಸಿರುತ್ತದೆ. ಬಿಳಿ ಹೊಳಪಿನ ಸ್ಟೌ ಆದರೆ ಅದಕ್ಕೆ ನಿಕ್ಕಲ್ ಲೇಪ ಇದೆ. ಹುಳಿಯೂ ಬೇಡ, ಸೋಪು ಸಾಕು.

ಟ್ಯಾಂಕಿನ ಒಳಗೆ ಹಳೆ ಎಣ್ಣೆ ಅಂಟಾಗಿ ಕೂತಿರುತ್ತದೆ. ಸ್ವಲ್ಪ ಹೊಸ ಎಣ್ಣೆ ಹಾಕಿ, ಅಲ್ಲಾಡಿಸಿ, ಒಂದು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ ತೆಗೆಯಿರಿ. ಎಣ್ಣೆ ತಿಳಿಯಾಗಿ ಬರುವವರೆಗೆ ಹೀಗೇ ಮಾಡಿ.

ಹಂತ 4: ಪಂಪಿನ ತೊಗಲು

ಹೆಚ್ಚಿನ ಹಳೆ ಸ್ಟೌಗಳಲ್ಲಿ ಕೆಟ್ಟಿರುವುದು ಇದೊಂದೇ. ಪಂಪಿನ ಮುಚ್ಚಳ ಬಿಚ್ಚಿ ಕಡ್ಡಿ ಎಳೆದರೆ ತುದಿಯಲ್ಲಿ ಬಟ್ಟಲಿನಾಕಾರದ ತೊಗಲಿನ ವಾಶರ್ ಕಾಣುತ್ತದೆ. ಒಣಗಿ ಹಲಗೆಯಂತಾಗಿದ್ದರೂ ಹರಿದಿಲ್ಲದಿದ್ದರೆ ಎಸೆಯಬೇಡಿ. ಉಗುರು ಬಿಸಿ ತೆಂಗಿನೆಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿ. ಬೆಳಿಗ್ಗೆ ಮೆತ್ತಗಾಗಿರುತ್ತದೆ. ಬೆರಳಿನಿಂದ ಅಂಚನ್ನು ಹೊರಕ್ಕೆ ಅರಳಿಸಿ, ಎಣ್ಣೆ ಸವರಿ ಕೂರಿಸಿ.

ಬಟ್ಟಲಿನ ಬಾಯಿ ಟ್ಯಾಂಕಿನ ಕಡೆಗೆ, ಅಂದರೆ ಕೆಳಮುಖವಾಗಿ ಇರಬೇಕು. ತಿರುವುಮುರುವಾದರೆ ಎಷ್ಟು ಪಂಪು ಹೊಡೆದರೂ ಗಾಳಿ ನಿಲ್ಲುವುದಿಲ್ಲ. "ಹೊಸ ವಾಶರ್ ಹಾಕಿದರೂ ಆಗ್ತಾ ಇಲ್ಲ" ಎನ್ನುವವರು ಮೊದಲು ಇದನ್ನು ನೋಡಿ.

ಹೊಸ ತೊಗಲು ಎಲ್ಲಿ ಸಿಗುತ್ತದೆ? ಅಡಿಕೆಗೆ ಮದ್ದು ಬಿಡುವ ಪಂಪುಗಳನ್ನು ರಿಪೇರಿ ಮಾಡುವವರನ್ನು ಕೇಳಿ. ಹಳೆ ಗಟೋರ್ ಪಂಪಿಗೂ ತೊಗಲಿನ ಬಟ್ಟಲೇ ಹಾಕುತ್ತಿದ್ದರು. ಸ್ಟೌ ಕೊಂಡುಹೋಗಿ ತೋರಿಸಿದರೆ ಕತ್ತರಿಸಿ ಕೊಡುವವರು ಈಗಲೂ ಇದ್ದಾರೆ. ಕೊಳೆರೋಗದ ಮದ್ದಿನ ಸಮಯದಲ್ಲಿ ಮಾತ್ರ ಹೋಗಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ.

ಪಂಪಿನ ತಳದಲ್ಲಿ ಒಂದು ಸಣ್ಣ ವಾಲ್ವ್ ಇದೆ. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಪಂಪು ಹೊಡೆದು ಕೈ ಬಿಟ್ಟಾಗ ಕಡ್ಡಿ ತಾನಾಗಿ ಮೇಲೆ ಬಂತಾ? ಪಂಪಿನೊಳಗೆ ಎಣ್ಣೆ ಕಂಡಿತಾ? ಹಾಗಾದರೆ ಈ ವಾಲ್ವ್ ಕೆಟ್ಟಿದೆ. ಇದನ್ನು ಬಿಚ್ಚಲಿಕ್ಕೆ ಉದ್ದದ ವಿಶೇಷ ಕೀಲಿ ಬೇಕು. ಸ್ಕ್ರೂಡ್ರೈವರ್ ತುರುಕಿ ತಿರುಗಿಸಿದರೆ ತಲೆ ಮುರಿದು ಅಲ್ಲೇ ಉಳಿಯುತ್ತದೆ. ಬಲ್ಲವರಿಗೆ ಕೊಡಿ.

ಎಣ್ಣೆ ಮುಚ್ಚಳದ ರಬ್ಬರ್ ವಾಶರನ್ನು ನೋಡದೆಯೂ ಬದಲಾಯಿಸಬಹುದು. ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್ ಎಂದು ಕೇಳಿ ತನ್ನಿ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರೆ ಎಣ್ಣೆಗೆ ಊದಿಕೊಂಡು ಹಾಳಾಗುತ್ತದೆ.

ಹಂತ 5: ಬಾಲ್ದಿಯ ಪರೀಕ್ಷೆ

ಟ್ಯಾಂಕಿನಲ್ಲಿ ಒಂದು ತೊಟ್ಟೂ ಎಣ್ಣೆ ಇರಬಾರದು. ಬರ್ನರ್ ಕಳಚಿ. ಕೊಳವೆಯ ಬಾಯಿಗೆ ಗಿಡ್ಡ ರಬ್ಬರ್ ಟ್ಯೂಬ್ ಸಿಕ್ಕಿಸಿ, ಕ್ಲಿಪ್ ಬಿಗಿದು, ಇನ್ನೊಂದು ತುದಿ ಮಡಚಿ ಗಟ್ಟಿಯಾಗಿ ಕಟ್ಟಿ. ಗಾಳಿ ತಿರುಪು ಮುಚ್ಚಿ. ಎಂಟು ಹತ್ತು ಸಲ ಮೆಲ್ಲಗೆ ಪಂಪು ಹೊಡೆದು ಟ್ಯಾಂಕನ್ನು ಬಾಲ್ದಿಯಲ್ಲಿ ಮುಳುಗಿಸಿ.

ಮೊದಲು ಏಳುವ ಗುಳ್ಳೆಗಳು ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿಯವು, ಅವು ನಿಲ್ಲುತ್ತವೆ. ಒಂದೇ ಜಾಗದಿಂದ ಸಾಲಾಗಿ ಬರುವ ಗುಳ್ಳೆ ಸೋರಿಕೆಯದ್ದು. ಮುಚ್ಚಳದಿಂದ ಬಂದರೆ ವಾಶರ್ ಬದಲಿಸಿ. ಪಂಪಿನ ಬಾಯಿಂದ ಬಂದರೆ ಒಳಗಿನ ವಾಲ್ವ್. ಟ್ಯಾಂಕಿನ ಮೈಯಿಂದಲೇ ಬಂದರೆ ಇನ್ನು ಆ ಸ್ಟೌ ನೋಡಲಿಕ್ಕೆ ಮಾತ್ರ. ಎಂ-ಸೀಲ್ ಮೆತ್ತುವ ಯೋಚನೆ ಬಿಟ್ಟುಬಿಡಿ. ಪರೀಕ್ಷೆ ಮುಗಿದ ಮೇಲೆ ಮೊದಲು ಗಾಳಿ ತಿರುಪು ಸಡಿಲಿಸಿ, ಆಮೇಲೆ ಟ್ಯೂಬ್ ಕಳಚಿ.

ಹಂತ 6: ನಿಪ್ಪಲ್

ನಿಪ್ಪಲಿನ ತೂತನ್ನು ಬೆಳಕಿಗೆ ಹಿಡಿದು ನೋಡಿ, ಉರುಟಾಗಿರಬೇಕು. ಕಟ್ಟಿದ್ದರೆ ಸ್ಟೌ ಪಿನ್ನನ್ನು ನೇರವಾಗಿ ಹಾಕಿ ತೆಗೆಯಿರಿ. ಹೊಲಿಗೆ ಸೂಜಿ ಹಾಕಲೇಬೇಡಿ, ತೂತು ದೊಡ್ಡದಾಗುತ್ತದೆ. ದೊಡ್ಡದಾದ ತೂತಿನಿಂದ ಆವಿ ಜಾಸ್ತಿ ಬಂದು ಉರಿ ಹಳದಿಯಾಗಿ ಮೇಲೇಳುತ್ತದೆ. ಆಗ ನಿಪ್ಪಲ್ ಬದಲಿಸುವುದೊಂದೇ ದಾರಿ.

ಬರ್ನರ್ ಮತ್ತು ಕೊಳವೆಯ ನಡುವೆ ಸೀಸದ ವಾಶರ್ ಇರುತ್ತದೆ. ಒಮ್ಮೆ ಬಿಚ್ಚಿದ ಮೇಲೆ ಹೊಸದು ಹಾಕುವುದು ಒಳ್ಳೆಯದು. ಸೀಸ ಮುಟ್ಟಿದ ಕೈ ತೊಳೆಯಿರಿ.

ಹಂತ 7: ಉರಿಸುವುದು

ಅಂಗಳದಲ್ಲಿ, ಸಮತಟ್ಟು ಜಾಗದಲ್ಲಿ ಉರಿಸಿ. ಮಕ್ಕಳು ದೂರ ಇರಲಿ. ಸಿಂಥೆಟಿಕ್ ಬಟ್ಟೆ, ಜೋತುಬಿದ್ದ ಶಾಲು ಬೇಡ. ಎಣ್ಣೆ ಸೀಮೆಎಣ್ಣೆಯೇ ಆಗಿರಬೇಕು. ರೇಶನ್ನಿನ ನೀಲಿ ಎಣ್ಣೆ ಆದೀತು, ಸೋಸಿ ಹಾಕಿ. ಪೆಟ್ರೋಲ್, ಥಿನ್ನರ್ ಹನಿಯೂ ಸೇರಬಾರದು. ನಮ್ಮ ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಎಂದು ಮಾನಕದಲ್ಲಿದೆ. ಪೆಟ್ರೋಲ್ ಆದರೆ ಸೊನ್ನೆಗಿಂತ ಎಷ್ಟೋ ಕೆಳಗೇ ಹೊತ್ತಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಅಂಗಳ 35 ಡಿಗ್ರಿ ಮುಟ್ಟುವುದೂ ಉಂಟು, ಹಾಗಾಗಿ ಬೆಳಿಗ್ಗೆಯೇ ಉರಿಸಿ.

1. ಟ್ಯಾಂಕಿನ ಮುಕ್ಕಾಲು ಭಾಗ ಮಾತ್ರ ಎಣ್ಣೆ. ಮೇಲೆ ಗಾಳಿಗೆ ಜಾಗ ಬೇಕು. ಮುಚ್ಚಳ ಬಿಗಿದು, ಹೊರಗೆ ಚೆಲ್ಲಿದ್ದನ್ನು ಒರೆಸಿ.

2. ಗಾಳಿ ತಿರುಪು ಸಡಿಲವಾಗಿರಲಿ. ಬಟ್ಟಲಿಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿ. ಮರದ ಪಾಲಿಶ್ ಕೆಲಸದವರು ಬಳಸುವ ಸ್ಪಿರಿಟ್ ಇದು, ವಿಷ. ಹಗಲಲ್ಲಿ ಇದರ ಉರಿ ಕಣ್ಣಿಗೆ ಕಾಣುವುದಿಲ್ಲ. ಆರಿತು ಎಂದುಕೊಂಡು ಮೇಲಿಂದ ಬಾಟಲಿಯಿಂದ ಸುರಿಯಬಾರದು.

3. ಕಾಯಿರಿ. ಆತುರ ಮಾಡುವವರು ಕೆಡುವುದು ಇಲ್ಲೇ. ಬರ್ನರ್ ಸಾಕಷ್ಟು ಕಾದಿರದಿದ್ದರೆ ಎಣ್ಣೆ ಆವಿಯಾಗದೆ ಹಾಗೇ ಮೇಲೆ ಚಿಮ್ಮಿ ಆಳೆತ್ತರ ಉರಿಯುತ್ತದೆ.

4. ಸ್ಪಿರಿಟ್ ಇನ್ನೇನು ಮುಗಿಯಿತು ಎನ್ನುವಾಗ ತಿರುಪು ಮುಚ್ಚಿ ನಾಲ್ಕೈದು ಸಲ ಪಂಪು ಹೊಡೆಯಿರಿ. ಉಳಿದ ಉರಿಗೆ ಆವಿ ಹೊತ್ತಿಕೊಂಡು ನೀಲಿಯಾಗುತ್ತದೆ.

5. ಒಂದು ನಿಮಿಷ ಬಿಟ್ಟು, ಉರಿ ಸಮನಾದ ಮೇಲೆ ಇನ್ನಷ್ಟು ಪಂಪು. ಹಳದಿ ಉರಿ ಎದ್ದರೆ ಕೂಡಲೇ ತಿರುಪು ಬಿಚ್ಚಿ. ಊದಬೇಡಿ, ನೀರು ಹಾಕಬೇಡಿ.

6. ಆರಿಸುವುದಕ್ಕೂ ಅದೇ ತಿರುಪು. ಸ್ಟೌ ಪೂರ್ತಿ ತಣಿಯುವವರೆಗೆ ಎಣ್ಣೆ ಹಾಕಬೇಡಿ.

ಸರಿಯಾಗಿ ಉರಿದರೆ ಒಂದು ಲೀಟರ್ ನೀರು ನಾಲ್ಕೈದು ನಿಮಿಷದಲ್ಲಿ ಕುದಿಯುತ್ತದೆ. ಜೀರಿಗೆ ಕಷಾಯ, ಕಾಫಿ, ಹಾಲಿಗೆ ಹೇಳಿ ಮಾಡಿಸಿದ್ದು. ನೀರುದೋಸೆಗೆ ಆಗುವುದಿಲ್ಲ. ಉರಿಯೆಲ್ಲ ನಡುವಿಗೇ ಬಡಿದು, ದೋಸೆಯ ಹೊಟ್ಟೆ ಕರಟಿ ಅಂಚು ಹಸಿ ಉಳಿಯುತ್ತದೆ.

ಪಂಪ್ ಸ್ಟೌ ಅಲ್ಲದಿದ್ದರೆ?

ಬತ್ತಿ ಸ್ಟೌ ಸಿಕ್ಕಿದವರ ಕೆಲಸ ಸುಲಭ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ನೂತನ್. 1970ರ ದಶಕದಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಎಣ್ಣೆ ಉಳಿಸಲೆಂದೇ ರೂಪಿಸಿದ ಸ್ಟೌ ಅದು. ಬತ್ತಿಗಳನ್ನು ಒಂದೇ ಎತ್ತರಕ್ಕೆ ಕತ್ತರಿಸಿ, ಹೊಸದಾದರೆ ಎಣ್ಣೆಯಲ್ಲಿ ನೆನೆಯಲು ಬಿಡಿ, ತೂತಿನ ಕೊಳವೆಗಳ ಮಸಿ ತೆಗೆಯಿರಿ. ಒಂದು ಬತ್ತಿ ಮೇಲಿದ್ದರೂ ಅಷ್ಟು ಭಾಗ ಹಳದಿ ಉರಿಯುತ್ತದೆ.

ಹಳೆ ಗ್ಯಾಸ್ ಒಲೆಯನ್ನು ನೀವೇ ಸಿಲಿಂಡರಿಗೆ ಜೋಡಿಸಬೇಡಿ. ಇಂಡೇನ್ ಶುರುವಾದದ್ದು 1965ರಲ್ಲಿ. ಹಳ್ಳಿಗಳಿಗೆ ಮುಟ್ಟಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಮೊದಮೊದಲು ಬಂದ ಒಲೆಗಳ ದಪ್ಪ ಎರಕದ ಬರ್ನರ್ ನೋಡಲು ಬಲು ಚಂದ. ಆದರೆ ಒಳಗಿನ ಗ್ರೀಸ್ ಒಣಗಿದ ಕಾಕಿನಿಂದ (ಉರಿ ಹೆಚ್ಚು ಕಮ್ಮಿ ಮಾಡುವ ತಿರುಪಿನಿಂದ) ಗ್ಯಾಸ್ ಸೋರುತ್ತದೆ. ಏಜೆನ್ಸಿಯ ಮೆಕ್ಯಾನಿಕ್ ನೋಡಿ ಹೇಳಲಿ.

ಇನ್ನು ಹೊಗೆಕೊಳವೆ ಇರುವ ಮಣ್ಣಿನ ಒಲೆ ಹಳೆ ಅಡುಗೆಮನೆಯಲ್ಲಿ ಉಳಿದಿದ್ದರೆ ಒಡೆಯುವ ಮೊದಲು ಮನೆಯ ಹಿರಿಯರನ್ನು ವಿಚಾರಿಸಿ. ಅದು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ ಹಳ್ಳಿಹಳ್ಳಿಗೆ ಮುಟ್ಟಿಸಿದ ಪರಿಷತ್ ಅಡುಪ್ಪು ಇರಬಹುದು, ಇಲ್ಲಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ಇರಬಹುದು. ಅಟ್ಟಕ್ಕೆ ಸಾಗಿಸಲಾಗದ ವಸ್ತುವಾದ್ದರಿಂದ ಇವು ಉಳಿದಿರುವುದು ಬಹಳ ಕಮ್ಮಿ. ಅಳತೆ ಬರೆದು ಫೋಟೋ ಆದರೂ ತೆಗೆದಿಡಿ.

ಎತ್ತಿಡುವಾಗ

ಎಣ್ಣೆ ಖಾಲಿ ಮಾಡಿ, ಮುಚ್ಚಳ ಸಡಿಲ ಬಿಟ್ಟು, ಹತ್ತಿ ಬಟ್ಟೆಯಲ್ಲಿ ಸುತ್ತಿ. ಎಲ್ಲಿ ಇಡುತ್ತೀರಿ ಎನ್ನುವುದು ಮುಖ್ಯ. ಹಟ್ಟಿಯ (ದನದ ಕೊಟ್ಟಿಗೆಯ) ಅಟ್ಟದಲ್ಲಿ, ಗೊಬ್ಬರದ ಚೀಲಗಳ ಪಕ್ಕ ಇಡಲೇಬೇಡಿ. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯದಲ್ಲಿ ಒಂದು ವಿಚಿತ್ರ ಕಾಟ ಇತ್ತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ಬಂದೂಕಿನ ಹಿತ್ತಾಳೆ ತೋಟೆಗಳು ಯಾರೂ ಮುಟ್ಟದೆಯೇ ಬಿರುಕು ಬಿಡುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೇವ, ಮತ್ತು ಒತ್ತಿ ಆಕಾರ ಕೊಟ್ಟ ಹಿತ್ತಾಳೆಯೊಳಗೆ ಉಳಿದ ಸೆಳೆತ, ಈ ಮೂರೂ ಸೇರಿ ಹೀಗಾಗುತ್ತದೆ ಎಂದು 1921ರಲ್ಲಿ ವಿವರಿಸಲಾಯಿತು. ನಮ್ಮ ಹಟ್ಟಿಯಲ್ಲೂ ಅದೇ ಅಮೋನಿಯಾ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ತೇವ. ಸ್ಟೌವಿನ ಟ್ಯಾಂಕೂ ಒತ್ತಿ ಆಕಾರ ಕೊಟ್ಟ ಹಿತ್ತಾಳೆಯೇ. ವರ್ಷಗಟ್ಟಲೆ ಹಟ್ಟಿಯ ಮೇಲೆ ಇದ್ದ ಸ್ಟೌ ನಿಮಗೆ ಸಿಕ್ಕಿದ್ದರೆ ಎರಡನೇ ಹಂತದ ಬಿರುಕಿನ ತಪಾಸಣೆಯನ್ನು ಭೂತಗನ್ನಡಿ ಹಿಡಿದೇ ಮಾಡಿ, ಹೆಗಲಿನ ತಿರುವಿನಲ್ಲಿ ಮುಖ್ಯವಾಗಿ. ಅಮೋನಿಯಾ ಇರುವ ನೆಲ ಒರೆಸುವ ದ್ರಾವಣ, ಗಾಜು ಒರೆಸುವ ದ್ರಾವಣಗಳನ್ನೂ ಇದಕ್ಕೆ ಮುಟ್ಟಿಸಬೇಡಿ.